ಉಗ್ಗು ಮಾತೂ ನಮ್ಮ ನಗುವೂ



ಒಂದೇ ಅಕ್ಷರವನ್ನು ನಾಲ್ಕು ಸಲ ಹೇಳಿ, ಮುಂದಿನ ಅಕ್ಷರಕ್ಕೆ ದಾಟಲಾರದೆ ನಾಲಗೆ ನಿಂತುಬಿಡುವುದಕ್ಕೆ ಕನ್ನಡದಲ್ಲಿ ಉಗ್ಗು ಎನ್ನುತ್ತೇವೆ. ತೊದಲು ಎನ್ನುವುದೂ ಉಂಟು. ನಮ್ಮ ಕಾಸರಗೋಡಿನ ಪೇಟೆಯಲ್ಲಿ ಮಲೆಯಾಳದವರು ಅದನ್ನು ವಿಕ್ಕು ಎಂದು ಕರೆಯುತ್ತಾರೆ. ತಾಳವಾಡಿ, ಹೊಸೂರಿನವರಿಗೆ ತಮಿಳಿನ ತಿಕ್ಕುವಾಯ್ ಗೊತ್ತು. ಆದೋನಿ, ರಾಯದುರ್ಗದವರಿಗೆ ತೆಲುಗಿನ ನತ್ತಿ ಗೊತ್ತು. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಮರಾಠಿಯ ತೋತರಾ ಗೊತ್ತು. ಈ ಪದಗಳನ್ನು ಒಂದೊಂದಾಗಿ ಹೇಳಿ ನೋಡಿ. ನಮ್ಮ ತೊದಲು, ಮರಾಠಿಯ ತೋತರಾ ಎರಡನ್ನು ಬಿಟ್ಟರೆ ಎಲ್ಲದರಲ್ಲೂ ಒಂದು ಒತ್ತಕ್ಷರ ಇದೆ, ನಾಲಗೆ ಅಲ್ಲಿ ಸ್ವಲ್ಪ ಮುಗ್ಗರಿಸುತ್ತದೆ. ಹೆಸರಿಟ್ಟವರು ಆಗಲೇ ಸ್ವಲ್ಪ ಅಣಕಿಸಿಯೇ ಇಟ್ಟಿದ್ದಾರೆ ಅನಿಸುತ್ತದೆ.

ಮಗು ತಡವರಿಸಿದರೆ ಮಾತ್ರ ಅದು ತೊದಲ್ನುಡಿ. ಅದನ್ನು ಕೇಳಿ ಅಜ್ಜಿ ನಗುತ್ತಾಳೆ, ಎತ್ತಿ ಮುದ್ದಾಡುತ್ತಾಳೆ. ಅದೇ ಮಗು ಹದಿನೈದು ವರ್ಷ ಕಳೆದು ಹಾಗೆಯೇ ಮಾತಾಡಿದರೆ ಊರು ನಗುತ್ತದೆ, ಮುದ್ದಾಡುವವರು ಯಾರೂ ಇಲ್ಲ. ಹಾಗಾದರೆ ಉಗ್ಗಿಗೆ ನಗಬಹುದೇ, ನಗಬಾರದೇ? ನಿಮ್ಮನ್ನು ಕೇಳಿದರೆ ನಗಬಾರದು ಎಂದೇ ಹೇಳುತ್ತೀರಿ. ಆದರೆ ಸಿನಿಮಾ ಟಾಕೀಸಿನಲ್ಲಿ, ಆಟದ ರಂಗಸ್ಥಳದ ಮುಂದೆ, ಮದುವೆ ಮನೆಯ ಜಗಲಿಯಲ್ಲಿ ಎಲ್ಲರೂ ನಗುತ್ತೇವೆ. ಈ ಇಬ್ಬಂದಿ ಇಂದಿನದಲ್ಲ. ಅದರ ಹಿಂದಿನ ಕಥೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಕೌಟಿಲ್ಯನ ಅರ್ಥಶಾಸ್ತ್ರದಿಂದ ಆರಂಭಿಸೋಣ. ಇದರ ಓಲೆಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಅದರ ಮೂರನೆಯ ಅಧಿಕರಣದಲ್ಲಿ ವಾಕ್ಪಾರುಷ್ಯ, ಅಂದರೆ ಬಾಯಿಯಿಂದ ಮಾಡುವ ಹಲ್ಲೆ, ಎಂಬ ಪ್ರಕರಣವಿದೆ. ಒಕ್ಕಣ್ಣ, ಕುಂಟ ಮೊದಲಾದವರ ದೇಹದ ಕೊರತೆಯನ್ನು ಎತ್ತಿ ಆಡಿದರೆ, ಆ ಕೊರತೆ ನಿಜವಾಗಿಯೂ ಇದ್ದಲ್ಲಿ ಮೂರು ಪಣ ದಂಡ. ಇಲ್ಲದ ಕೊರತೆಯನ್ನು ಹೊರಿಸಿದರೆ ಆರು ಪಣ. ಇನ್ನು ಒಕ್ಕಣ್ಣನನ್ನು ನೋಡಿ "ಆಹಾ, ಎಂಥಾ ಚಂದದ ಕಣ್ಣು" ಎಂದು ಹೊಗಳುವ ಹಾಗೆ ಗೇಲಿ ಮಾಡಿದರೆ ಹನ್ನೆರಡು ಪಣ.

ಜೀವಮಾನವಿಡೀ ಬ್ಯಾಂಕಿನಲ್ಲಿ ಬಡ್ಡಿ ದರದ ಪಟ್ಟಿ ನೋಡಿದ ನನಗೆ ಈ ಪಟ್ಟಿ ಬಹಳ ಹಿಡಿಸಿತು. ಬೈದದ್ದಕ್ಕೆ ಮೂರು, ಸುಳ್ಳು ಹೇಳಿದ್ದಕ್ಕೆ ಆರು, ನಗಿಸಿದ್ದಕ್ಕೆ ಹನ್ನೆರಡು! ಬೈಗುಳಕ್ಕಿಂತ ಗೇಲಿ ನಾಲ್ಕು ಪಟ್ಟು ದುಬಾರಿ. "ನಾನು ಇದ್ದದ್ದನ್ನೇ ಹೇಳಿದೆ, ಅದರಲ್ಲೇನು ತಪ್ಪು?" ಎಂದು ಕೇಳುವವರು ಇವತ್ತಿಗೂ ಇದ್ದಾರಲ್ಲ, ಅವರಿಗೆ ಕೌಟಿಲ್ಯ ಅಂದೇ ಮೂರು ಪಣದ ರಸೀದಿ ಹರಿದುಕೊಟ್ಟಿದ್ದಾನೆ.

ನಮ್ಮ ವೈದ್ಯರು ಉಗ್ಗನ್ನು ಬಲ್ಲವರೇ. ವಾಯುವು ಕಫದೊಡನೆ ಕೂಡಿ ಶಬ್ದವನ್ನು ಒಯ್ಯುವ ನಾಳಗಳನ್ನು ಮುಚ್ಚಿದಾಗ ಮನುಷ್ಯ ಮೂಕನಾಗುತ್ತಾನೆ, ಇಲ್ಲವೇ ಮೂಗಿನಲ್ಲಿ ಮಾತಾಡುತ್ತಾನೆ, ಇಲ್ಲವೇ ಗದ್ಗದನಾಗುತ್ತಾನೆ ಎಂದು ಸುಶ್ರುತ ಹೇಳಿದ. ಗದ್ಗದ ಎಂದರೆ ಅಲ್ಲಿ ತಡೆತಡೆದು ಬರುವ ಮಾತು. ನಾವು ಈಗ ಆ ಪದವನ್ನು ಅಳು ಬಂದು ಗಂಟಲು ಕಟ್ಟಿದಾಗ ಬಳಸುತ್ತೇವೆ. ಸುಶ್ರುತನ ಕಾರಣವನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೂ ಇದನ್ನು ಸೋಮಾರಿತನವೆಂದೋ ದಡ್ಡತನವೆಂದೋ ಹೇಳದೆ ಶರೀರದ ಲಕ್ಷಣವೆಂದು ಬರೆದದ್ದು ಸಣ್ಣ ಸಂಗತಿಯಲ್ಲ.

ನಗುವಿನ ಬೇರು ಬೇರೆ ಕಡೆ ಇದೆ ಎಂದು ನನ್ನ ಎಣಿಕೆ. ಸಂಸ್ಕೃತದಲ್ಲಿ ಬರ್ಬರ ಎಂಬ ಪದಕ್ಕೆ ಉಗ್ಗುವವನು ಎಂಬ ಅರ್ಥವೂ ಇದೆ, ಅನಾಗರಿಕ ಹೊರಗಿನವನು ಎಂಬ ಅರ್ಥವೂ ಇದೆ. ಗ್ರೀಕರಲ್ಲಿಯೂ ಇದಕ್ಕೆ ಹತ್ತಿರದ ಪದವೇ ಇದ್ದು, ಗ್ರೀಕ್ ಆಡದವರ ಮಾತು ಅವರ ಕಿವಿಗೆ ಬರೀ ಬರ್ ಬರ್ ಎಂದು ಕೇಳಿಸಿತು. ಮ್ಲೇಚ್ಛ ಎಂಬುದರ ಮೂಲದಲ್ಲೂ ಅಸ್ಪಷ್ಟವಾಗಿ ನುಡಿಯುವುದು ಎಂಬ ಅರ್ಥವೇ ಇದೆ. ಶತ್ರುಗಳನ್ನು ಕೂಗುವಾಗ ರಕಾರ ಬರಬೇಕಾದಲ್ಲಿ ಲಕಾರ ಉಚ್ಚರಿಸಿ ಅಸುರರು ಸೋತರು ಎಂಬ ಹಳೆಯ ಕಥೆಯನ್ನು ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಎತ್ತಿಕೊಂಡಿದ್ದಾನೆ. ಅಂದರೆ ಉಗ್ಗುವವನನ್ನೂ, ಬೇರೆ ಭಾಷೆಯವನನ್ನೂ, ಉಚ್ಚಾರ ತಪ್ಪುವವನನ್ನೂ ಹಳೆಯ ಕಾಲದವರು ಒಂದೇ ಚೀಲಕ್ಕೆ ತುಂಬಿದರು. ನಮ್ಮ ಹಾಗೆ ಮಾತಾಡಲಾರದವನು ನಮಗಿಂತ ಕಡಿಮೆ ಎಂದು ಆ ಚೀಲದ ಮೇಲೆ ಬರೆದರು.

ಗಡಿನಾಡಿನ ನಮಗೆ ಇದು ಪುಸ್ತಕದ ಮಾತಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯವರೆಗೆ ಕನ್ನಡದಲ್ಲಿ ಅರ್ಜಿ ಬರೆಯುತ್ತಿದ್ದ ಹಿರಿಯರು ಆಮೇಲೆ ಮಲೆಯಾಳದಲ್ಲಿ ತಡವರಿಸಬೇಕಾಯಿತು. ಕಚೇರಿಯ ಮೇಜಿನ ಎದುರು ನಿಂತು, ಪದ ಗೊತ್ತಿದ್ದೂ ನಾಲಗೆಗೆ ಬಾರದೆ, ಒಳಗಿನ ಇಬ್ಬರು ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡಿ ನಕ್ಕದ್ದನ್ನು ಕಂಡವರು ನಮ್ಮಲ್ಲಿ ಎಷ್ಟಿಲ್ಲ? ಬೆಂಗಳೂರಿಗೆ ಹೋದರೆ ನಮ್ಮ ಕನ್ನಡಕ್ಕೂ ಅದೇ ನಗು. ಉಗ್ಗುವವನಿಗೆ ಹುಟ್ಟಿದೂರಿನಲ್ಲಿ, ತಾಯಿಯ ಭಾಷೆಯಲ್ಲಿಯೇ, ದಿನವೂ ಆಗುವುದು ಇದು.

ಈಗ ಸ್ವಲ್ಪ ದೂರ ಹೋಗಿ ಬರೋಣ. ಶಾಲೆಯಲ್ಲಿ ಡೆಮಾಸ್ತನೀಸನ ಪಾಠ ಓದಿದವರು ನಿಮ್ಮಲ್ಲಿ ಇರಬಹುದು. ಕ್ರಿಸ್ತಪೂರ್ವ 384ರಲ್ಲಿ ಹುಟ್ಟಿದ ಅಥೆನ್ಸಿನ ವಾಗ್ಮಿ ಈತ. ಮೊದಲ ಸಲ ಜನರ ಸಭೆಯಲ್ಲಿ ಮಾತಾಡಿದಾಗ ಗದ್ದಲವೆಬ್ಬಿಸಿ ನಕ್ಕರು, ಬಳಿಕ ಬಾಯಲ್ಲಿ ಬೆಣಚು ಕಲ್ಲು ಇಟ್ಟುಕೊಂಡು ಅಭ್ಯಾಸ ಮಾಡಿ ಗೆದ್ದ ಎಂದು ಪ್ಲುಟಾರ್ಕ್ ಬರೆದ. ಬರೆದದ್ದು ಸುಮಾರು ನಾನೂರು ವರ್ಷಗಳ ನಂತರ. ಈ ಕಥೆಯಿಂದ ಉಗ್ಗುವ ಮಕ್ಕಳಿಗೆ ಆದ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಛಲ ಇದ್ದರೆ ಹೋಗುತ್ತದೆ, ಹೋಗದಿದ್ದರೆ ನಿನಗೆ ಛಲವಿಲ್ಲ ಎಂದಾಯಿತು! ನಮ್ಮ ಕಡೆ ನಾಲಗೆಗೆ ಬಜೆ ತೇದು ಹಚ್ಚುತ್ತಿದ್ದರು, ಅದರಲ್ಲಿ ಇಂಥ ಆಪಾದನೆಯಾದರೂ ಇರಲಿಲ್ಲ.

ರೋಮಿನ ಕ್ಲಾಡಿಯಸನ ಕಥೆ ಇದಕ್ಕಿಂತ ಹರಿತ. ಮಾತು ತಡೆಯುತ್ತಿತ್ತು, ನಡಿಗೆ ಸರಿಯಿರಲಿಲ್ಲ. ಹೆತ್ತ ತಾಯಿಯೇ ಅವನನ್ನು ಪ್ರಕೃತಿ ಪೂರ್ತಿ ಮಾಡದೆ ಬಿಟ್ಟ ವಿಕಾರ ಎಂದಳು. ಮನೆಯವರು ಸಭೆಗೆ ಕರೆತರಲು ನಾಚಿದರು. ಮೂಲೆಯಲ್ಲಿ ಕುಳಿತು ಅವನು ಎಟ್ರುಸ್ಕನರ ಇತಿಹಾಸವನ್ನು ಇಪ್ಪತ್ತು ಸಂಪುಟಗಳಲ್ಲಿ ಬರೆದ. ಮಾತಿನಲ್ಲಿ ಇಷ್ಟು ಅಸ್ಪಷ್ಟವಾಗಿರುವ ಹುಡುಗ ಸಭೆಯಲ್ಲಿ ನಿಂತು ಭಾಷಣ ಮಾಡುವಾಗ ಇಷ್ಟು ಚೆನ್ನಾಗಿ ಹೇಗೆ ನುಡಿಯುತ್ತಾನೆ ಎಂದು ಸಾಮ್ರಾಟ ಆಗಸ್ಟಸನು ಹೆಂಡತಿಗೆ ಆಶ್ಚರ್ಯದಿಂದ ಪತ್ರ ಬರೆದದ್ದು ಉಳಿದುಬಂದಿದೆ. ಉಗ್ಗಿನ ಗುಣವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮಾತಿನಲ್ಲಿ ಸಿಕ್ಕಿಹಾಕಿಕೊಳ್ಳುವವನು ಹಾಡಿನಲ್ಲಿ ಸಲೀಸಾಗಿ ಹೋಗುತ್ತಾನೆ, ಹತ್ತು ಜನರೊಂದಿಗೆ ಒಟ್ಟಾಗಿ ಹೇಳುವಾಗಲೂ ಹೋಗುತ್ತಾನೆ. ಭಜನೆಯಲ್ಲಿ ಉಗ್ಗು ಯಾರಿಗೂ ಗೊತ್ತಾಗುವುದಿಲ್ಲ.

ಕ್ರಿಸ್ತಶಕ 41ರಲ್ಲಿ ಕ್ಲಾಡಿಯಸ್ ಸಾಮ್ರಾಟನಾದ. 54ರಲ್ಲಿ ತೀರಿಕೊಂಡ. ಆಮೇಲೆ ತತ್ತ್ವಜ್ಞಾನಿ ಸೆನೆಕಾ ಒಂದು ವಿಡಂಬನೆ ಬರೆದ. ಸತ್ತ ಕ್ಲಾಡಿಯಸ್ ದೇವಲೋಕದ ಬಾಗಿಲಿಗೆ ಹೋಗುತ್ತಾನೆ. ಅವನ ಮಾತು ಗ್ರೀಕೋ, ಲ್ಯಾಟಿನೋ, ಯಾವ ದೇಶದ್ದೋ ಅಲ್ಲಿಯವರಿಗೆ ತಿಳಿಯುವುದೇ ಇಲ್ಲ. ನೋಡಿ, ಅದೇ ಹಳೆಯ ಚೀಲ! ಕ್ಲಾಡಿಯಸನ ಆಳ್ವಿಕೆಯಲ್ಲಿ ಸೆನೆಕಾ ಕಾರ್ಸಿಕಾ ದ್ವೀಪಕ್ಕೆ ಗಡೀಪಾರಾಗಿದ್ದ, ಆ ಸಿಟ್ಟು ಇತ್ತು. ಆದರೆ ಸಾಮ್ರಾಟ ಬದುಕಿರುವಾಗ ಇದನ್ನು ಬರೆಯುವ ಎದೆ ಅವನಿಗೂ ಇರಲಿಲ್ಲ. ಪಟ್ಟಕ್ಕೆ ಬರುವ ಮೊದಲು ನಕ್ಕರು, ಸತ್ತ ಮೇಲೆ ನಕ್ಕರು, ನಡುವಿನ ಹದಿಮೂರು ವರ್ಷ ನಗುವವರು ಬಾಯಿ ಮುಚ್ಚಿಕೊಂಡಿದ್ದರು. ಉಗ್ಗು ಮಾತ್ರ ಮೂರೂ ಕಾಲದಲ್ಲಿ ಒಂದೇ.

ಗುಣಪಡಿಸುವ ಹೆಸರಿನಲ್ಲಿ ನಡೆದದ್ದು ಗೇಲಿಗಿಂತ ಘೋರ. 1841ರಲ್ಲಿ ಬರ್ಲಿನ್ನಿನ ಹೆಸರಾಂತ ಶಸ್ತ್ರವೈದ್ಯ ಡೀಫೆನ್‌ಬಾಖ್ ಉಗ್ಗುವವರ ನಾಲಗೆಯ ಬುಡವನ್ನೇ ಕತ್ತರಿಸತೊಡಗಿದ. ರೋಗಿಯ ಎಚ್ಚರ ತಪ್ಪಿಸುವ ಈಥರ್ ಬಳಕೆಗೆ ಬರಲು ಇನ್ನೂ ಐದು ವರ್ಷ ಬಾಕಿಯಿತ್ತು. ಊಹಿಸಿಕೊಳ್ಳಿ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 22 ಅನಾಥ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ಚೆನ್ನಾಗಿ ಮಾತಾಡುವ ಕೆಲವು ಮಕ್ಕಳಿಗೂ "ನಿನ್ನ ಮಾತು ಕೆಡುತ್ತಿದೆ, ಉಗ್ಗು ಶುರುವಾಗಿದೆ" ಎಂದು ಮತ್ತೆ ಮತ್ತೆ ಹೇಳಿ ಏನಾಗುತ್ತದೆಂದು ನೋಡಿದರು. ಆ ಮಕ್ಕಳಲ್ಲಿ ಕೆಲವರು ಬಾಯಿ ತೆರೆಯಲೇ ಹಿಂಜರಿದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ.

ಇನ್ನು ನಮಗೆ ಹತ್ತಿರದ ರಾಜನೊಬ್ಬನ ಸಂಗತಿ. ಹತ್ತಿರ ಏಕೆಂದರೆ, ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಬೆಳ್ಳಿ ರೂಪಾಯಿ ಇದ್ದರೆ ಅದರ ಮೇಲೆ ಆರನೆಯ ಜಾರ್ಜ್‌ನ ತಲೆ ಇರಬಹುದು. ನಮ್ಮ ಕೌಂಟರಿಗೆ ಅಂಥ ನಾಣ್ಯ ತಂದು ಬೆಲೆ ಕೇಳುವವರಿದ್ದರು. ಆ ತಲೆಯೊಳಗಿನ ನಾಲಗೆ ಚಿಕ್ಕಂದಿನಿಂದ ಉಗ್ಗುತ್ತಿತ್ತು. 1925ರ ಅಕ್ಟೋಬರ್ 31ರಂದು, ಇನ್ನೂ ಯಾರ್ಕಿನ ಡ್ಯೂಕ್ ಆಗಿದ್ದಾಗ, ವೆಂಬ್ಲಿಯ ಸಾಮ್ರಾಜ್ಯ ವಸ್ತುಪ್ರದರ್ಶನದ ಮುಕ್ತಾಯ ಭಾಷಣವನ್ನು ಆತ ಮಾಡಬೇಕಾಯಿತು. ಎದುರಿಗೆ ಮೈಕು, ಮೈಕಿನಾಚೆ ರೇಡಿಯೋ ಕೇಳುಗರು. ಮಾತು ನಿಂತು ನಿಂತು ಬಂತು. ಮುಂದಿನ ವರ್ಷ ಆತ ಆಸ್ಟ್ರೇಲಿಯಾದಿಂದ ಲಂಡನ್ನಿಗೆ ಬಂದು ನೆಲೆಸಿದ್ದ ಲಯೊನೆಲ್ ಲೋಗ್ ಎಂಬಾತನ ಬಳಿಗೆ ಹೋದ. ಲೋಗ್ ಡಾಕ್ಟರಲ್ಲ, ವೈದ್ಯಕೀಯ ಪದವಿ ಯಾವುದೂ ಅವನಿಗಿರಲಿಲ್ಲ. ಉಸಿರಾಟದ ಅಭ್ಯಾಸ ಮಾಡಿಸುತ್ತಿದ್ದ, ಭಾಷಣದಲ್ಲಿ ತಡೆಯುವ ಪದಗಳನ್ನು ಬದಲಿಸಿಕೊಡುತ್ತಿದ್ದ, ಪಕ್ಕದಲ್ಲಿ ನಿಂತಿರುತ್ತಿದ್ದ. 1936ರ ಡಿಸೆಂಬರಿನಲ್ಲಿ ಅಣ್ಣ ಸಿಂಹಾಸನ ಬಿಟ್ಟಾಗ ಮೈಕಿಗೆ ಹೆದರುವ ಈತನೇ ರಾಜನಾದ.

1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾದ ಸಂಜೆ ಆತ ರೇಡಿಯೋದಲ್ಲಿ ಮಾತಾಡಿದ. ನಮ್ಮವರನ್ನು ಒಂದು ಮಾತೂ ಕೇಳದೆ ವೈಸರಾಯ್ ಅದೇ ದಿನ ಭಾರತವನ್ನೂ ಯುದ್ಧಕ್ಕೆ ಸೇರಿಸಿದ. ಆಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆ ರಾಜನ ಆಳ್ವಿಕೆಯ ಮೇಲೆ ನನಗೆ ಯಾವ ಮಮಕಾರವೂ ಇಲ್ಲ. ಆದರೆ ಆ ದಿನದ ಭಾಷಣದ ಧ್ವನಿಮುದ್ರಣ ಉಳಿದಿದೆ, ಸಾಧ್ಯವಾದರೆ ಕೇಳಿ. ಮಾತಿಗಿಂತ ಮಾತಿನ ನಡುವಿನ ಮೌನ ನಿಮ್ಮ ಕಿವಿಗೆ ಬೀಳುತ್ತದೆ. ಕೇಳುಗರು ಕಾದರು. ರಾಜನಾದ್ದರಿಂದ ಕಾದರು. ಅದೇ ಲಂಡನ್ನಿನ ಅಂಗಡಿಯಲ್ಲಿ ಒಬ್ಬ ಕೂಲಿಯವನು ಅಷ್ಟು ಹೊತ್ತು ತಡೆದಿದ್ದರೆ ಹಿಂದಿನವನು ಅವನನ್ನು ದಾಟಿ ಮುಂದೆ ಹೋಗುತ್ತಿದ್ದ. 1951ರ ಕ್ರಿಸ್ಮಸ್ ಸಂದೇಶದ ಹೊತ್ತಿಗೆ ಶ್ವಾಸಕೋಶದ ಶಸ್ತ್ರಚಿಕಿತ್ಸೆಯಿಂದ ರಾಜ ಬಳಲಿದ್ದ, ಅದೊಂದನ್ನು ಮಾತ್ರ ಮೊದಲೇ ತುಂಡು ತುಂಡಾಗಿ ಧ್ವನಿಮುದ್ರಿಸಿಕೊಂಡರು. ಮುಂದಿನ ಫೆಬ್ರವರಿಯಲ್ಲಿ ಆತ ತೀರಿಕೊಂಡ. ಈ ಕಥೆಯನ್ನು 2010ರಲ್ಲಿ ಸಿನಿಮಾ ಮಾಡಿದಾಗ ಚಿತ್ರಕಥೆ ಬರೆದ ಡೇವಿಡ್ ಸೈಡ್ಲರ್ ಸ್ವತಃ ಬಾಲ್ಯದಲ್ಲಿ ಉಗ್ಗಿದವರು. ಅದರಲ್ಲೂ ನಗು ಉಂಟು, ರಾಜ ಮತ್ತು ಲೋಗ್ ಇಬ್ಬರ ನಡುವಿನ ನಗು.

ಸಿನಿಮಾ ಎಂದಾಗ ಒಂದು ಹಂದಿಯ ಕಥೆ ಹೇಳಲೇಬೇಕು. 1935ರಲ್ಲಿ ಹಾಲಿವುಡ್ಡಿನ ಕಾರ್ಟೂನುಗಳಲ್ಲಿ ಪೋರ್ಕಿ ಪಿಗ್ ಎಂಬ ಉಗ್ಗುವ ಹಂದಿಮರಿ ಬಂತು. ಅದಕ್ಕೆ ಮೊದಲು ಧ್ವನಿ ಕೊಟ್ಟ ಜೋ ಡೌಹರ್ಟಿ ಎಂಬ ನಟ ನಿಜವಾಗಿಯೂ ಉಗ್ಗುತ್ತಿದ್ದ. ಅವನ ಉಗ್ಗು ಅವನ ಅಂಕೆಯಲ್ಲಿರಲಿಲ್ಲ, ಧ್ವನಿಮುದ್ರಣಕ್ಕೆ ಹೆಚ್ಚು ಹೊತ್ತು ಹಿಡಿಯಿತು, ಖರ್ಚು ಏರಿತು. 1937ರಲ್ಲಿ ಅವನನ್ನು ಬಿಡಿಸಿ ಮೆಲ್ ಬ್ಲಾಂಕ್ ಎಂಬ ಸರಾಗ ಮಾತುಗಾರನನ್ನು ತಂದರು. ಆತ ಎಷ್ಟು ಬೇಕೋ ಅಷ್ಟೇ ಉಗ್ಗಿ, ಬೇಕಾದಲ್ಲಿ ನಿಲ್ಲಿಸುತ್ತಿದ್ದ. ಜಗತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಉಗ್ಗು ಬೇಕು, ಉಗ್ಗುವವನು ಬೇಡ. ನಗಲು ಪುರುಸೊತ್ತಿದೆ, ಕಾಯಲು ಪುರುಸೊತ್ತಿಲ್ಲ. ಯಶ್ ಚೋಪ್ರಾ ಅವರ 1993ರ ಡರ್ ಚಿತ್ರದಲ್ಲಿ ಶಾರುಖ್ ಖಾನ್ ನಾಯಕಿಯ ಹೆಸರಿನ ಕಕಾರದಲ್ಲಿ ತಡೆದದ್ದನ್ನು ಊರೂರಿನ ಮಿಮಿಕ್ರಿಯವರು ಇವತ್ತಿಗೂ ಬಿಟ್ಟಿಲ್ಲ. ಅವರಾರೂ ಉಗ್ಗುವವರಲ್ಲ.

ಇಷ್ಟಾದ ಮೇಲೂ ಉಗ್ಗಿನ ವಿಷಯದಲ್ಲಿ ನಗುವೇ ಕೂಡದು ಎಂದು ಹೇಳಲು ನನಗೆ ಮನಸ್ಸಿಲ್ಲ. 1988ರ ಎ ಫಿಶ್ ಕಾಲ್ಡ್ ವಾಂಡಾ ಎಂಬ ಇಂಗ್ಲಿಷ್ ಚಿತ್ರವನ್ನು ತೆಗೆದುಕೊಳ್ಳಿ. ಕೆನ್ ಎಂಬ ಉಗ್ಗುವ ಪಾತ್ರದಲ್ಲಿ ಮೈಕೆಲ್ ಪೇಲಿನ್ ನಟಿಸಿದರು. ಅವನನ್ನು ಒಬ್ಬ ದುಷ್ಟ ಅಣಕಿಸುತ್ತಾನೆ, ಕಟ್ಟಿಹಾಕಿ ಅವನ ಪ್ರೀತಿಯ ಮೀನುಗಳನ್ನು ಅವನ ಕಣ್ಣೆದುರೇ ತಿನ್ನುತ್ತಾನೆ. ಇನ್ನೊಂದು ಕಡೆ ವಕೀಲನೊಬ್ಬನಿಗೆ ತುರ್ತಾಗಿ ಒಂದು ಹೆಸರು ಬೇಕು. ಕೆನ್‌ಗೆ ಅದು ಗೊತ್ತು, ಆದರೆ ಹೇಳಲು ಆಗುತ್ತಿಲ್ಲ. ವಕೀಲ ಸಮಾಧಾನದಿಂದ ಇರಲು ನೋಡುತ್ತಾನೆ, ಹಲ್ಲು ಕಚ್ಚುತ್ತಾನೆ, ಆಗುವುದಿಲ್ಲ. ಅಮೆರಿಕದಲ್ಲಿ ಉಗ್ಗುವವರ ಸಂಘದವರು ಈ ಚಿತ್ರವನ್ನು ಪ್ರತಿಭಟಿಸಿದರು. ಅವರ ಸಿಟ್ಟು ಸುಳ್ಳಲ್ಲ, ಚಿತ್ರ ನೋಡಿ ಬಂದ ಶಾಲೆಯ ಹುಡುಗರು ಅಣಕಿಸುವುದು ದುಷ್ಟನಿಂದ ಕಲಿತ ರೀತಿಯಲ್ಲೇ. ಆದರೆ ಪೇಲಿನ್ ಅವರ ತಂದೆ ಜೀವಮಾನವಿಡೀ ಉಗ್ಗಿದವರು. ಮಗ ಆ ಪಾತ್ರವನ್ನು ಮಾಡಿದ್ದು ಮನೆಯಲ್ಲಿ ಕಂಡದ್ದನ್ನು ನೆನೆದು. 1993ರಲ್ಲಿ ಲಂಡನ್ನಿನಲ್ಲಿ ಉಗ್ಗುವ ಮಕ್ಕಳಿಗಾಗಿ ತೆರೆದ ಚಿಕಿತ್ಸಾ ಕೇಂದ್ರಕ್ಕೆ ಪೇಲಿನ್ ಅವರದೇ ಹೆಸರಿಟ್ಟರು.

ಆ ವಕೀಲನ ದೃಶ್ಯದಲ್ಲಿ ನಗು ಬೀಳುವುದು ಯಾರ ಮೇಲೆ? ಕೆನ್ ಮೇಲಲ್ಲ, ಕಾಯಲಾರದೆ ಒದ್ದಾಡುವ ಆ ಸಭ್ಯ ಮನುಷ್ಯನ ಮೇಲೆ. ನಮ್ಮ ಯಕ್ಷಗಾನದ ಒಳ್ಳೆಯ ಹಾಸ್ಯಗಾರರಿಗೆ ಈ ಗುಟ್ಟು ಗೊತ್ತು. ದೂತನಾಗಿ ಬಂದ ಹಾಸ್ಯಗಾರ ಸುದ್ದಿ ಹೇಳಲು ತಡವರಿಸುತ್ತಾನೆ. ಗದ್ದುಗೆಯ ಮೇಲಿನ ರಾಜ ಹಾರಾಡುತ್ತಾನೆ, ಕಿರೀಟ ಅಲುಗುತ್ತದೆ. ಮೂರು ಲೋಕ ಗೆದ್ದವನಿಗೆ ಒಂದು ವಾಕ್ಯ ಮುಗಿಯುವವರೆಗೆ ಕಾಯುವ ತಾಳ್ಮೆ ಇಲ್ಲ! ಜನ ನಗುತ್ತಾರೆ, ನಗಬೇಕಾದದ್ದೇ. ತಾಳ್ಮೆ ಇಲ್ಲದ ಹಾಸ್ಯಗಾರ ಮಾತ್ರ ಸಭೆಯಲ್ಲಿ ಕುಳಿತ ಉಗ್ಗುವವನ ಕಡೆಗೆ ಕಣ್ಣು ಹಾಯಿಸಿ ಅಗ್ಗದ ಚಪ್ಪಾಳೆ ಗಿಟ್ಟಿಸುತ್ತಾನೆ. ಅವನಿಗೆ ಹನ್ನೆರಡು ಪಣ ಹಾಕಬೇಕು.

ಬ್ಯಾಂಕಿನ ಕೌಂಟರಿನಲ್ಲಿ ನಾನು ಕಂಡದ್ದನ್ನೂ ಸ್ವಲ್ಪ ಹೇಳುತ್ತೇನೆ. ಉಗ್ಗುವವರಿಗೆ ಎಲ್ಲಕ್ಕಿಂತ ಕಷ್ಟ ತಮ್ಮ ಹೆಸರು ಹೇಳುವುದು. ಬೇರೆ ಪದ ತಡೆದರೆ ಅದರ ಬದಲು ಇನ್ನೊಂದು ಪದ ಹಾಕಿಕೊಳ್ಳಬಹುದು. "ಪಾಸ್ ಪುಸ್ತಕ" ಬಾರದಿದ್ದರೆ "ಬುಕ್ಕು" ಎನ್ನಬಹುದು. ಎರಡು ಭಾಷೆ ಬಲ್ಲ ನಮ್ಮೂರಿನವರು ಕನ್ನಡದಲ್ಲಿ ತಡೆದರೆ ತಟ್ಟನೆ ಮಲೆಯಾಳಕ್ಕೆ ಹಾರುತ್ತಿದ್ದರು, ಅಲ್ಲೂ ತಡೆದರೆ ತುಳುವಿಗೆ. ಹೆಸರಿಗೆ ಬದಲಿ ಇಲ್ಲ. ಮಳೆಗಾಲದಲ್ಲಿ ಅಡಿಕೆ ಮಾರಿದ ಹಣ ಕಟ್ಟಲು ಬರುತ್ತಿದ್ದ ಒಬ್ಬರು ಜೇಬಿನಲ್ಲಿ ಚೀಟಿ ಇಟ್ಟುಕೊಂಡಿರುತ್ತಿದ್ದರು, ಹೆಸರು ಕೇಳಿದರೆ ಚೀಟಿ ಮುಂದಿಡುತ್ತಿದ್ದರು. ಪಕ್ಕದ ಕೌಂಟರಿನ ಒಬ್ಬ ಸಹೋದ್ಯೋಗಿ ಬೇಕೆಂದೇ ಚೀಟಿ ನೋಡದೆ "ಬಾಯಿಬಿಟ್ಟು ಹೇಳಿ" ಎನ್ನುತ್ತಿದ್ದ. ಸಾಲಿನಲ್ಲಿದ್ದವರು ನಗುತ್ತಿದ್ದರು. ಅದೇ ಮನುಷ್ಯ ನನ್ನೊಡನೆ ಒಮ್ಮೆ ತಾನೇ ನಗುತ್ತಾ ಹೇಳಿದ್ದರು: "ನನಗೆ ಫೋನು ಮಾಡುವವರಿಗೆ ಬಿಲ್ಲು ಜಾಸ್ತಿ ಬರ್ತದೆ, ಹಾಗೆ ಸಾಲಗಾರರು ಯಾರೂ ಮಾಡುವುದಿಲ್ಲ." ಟ್ರಂಕ್ ಕಾಲಿನ ಕಾಲ ಅದು. ಹೊಟ್ಟೆ ತುಂಬ ನಕ್ಕೆವು, ಇಬ್ಬರೂ.

ಇವತ್ತು ತಿಳಿದಿರುವುದಿಷ್ಟು. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರು ಉಗ್ಗುತ್ತಾರೆ, ಹೆಂಗಸರಿಗಿಂತ ಗಂಡಸರೇ ಹೆಚ್ಚು. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ, ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಮನೆತನದಲ್ಲಿ ಹರಿದು ಬರುವುದುಂಟು, ಇದಕ್ಕೆ ಸಂಬಂಧಿಸಿದ ವಂಶವಾಹಿಗಳನ್ನು ವಿಜ್ಞಾನಿಗಳು 2010ರಲ್ಲಿ ಗುರುತಿಸಿದರು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಹೆದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ, ಹುಟ್ಟಿದ್ದು ಹೆದರಿಕೆಯಿಂದ ಹೆಚ್ಚಾಗಬಹುದು. ಮಗುವಿನ ಮಾತು ಕೆಲವು ತಿಂಗಳಾದರೂ ಸರಿಯಾಗದಿದ್ದರೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೋ ಹತ್ತಿರದ ವಾಕ್ ಚಿಕಿತ್ಸಕರಲ್ಲಿಯೋ ತೋರಿಸಬಹುದು. ಮನೆಯಲ್ಲಿ ಮಗು ತಡೆದಾಗ ಪದವನ್ನು ನೀವು ಮುಗಿಸಿಕೊಡಬೇಡಿ, "ನಿಧಾನ, ನಿಧಾನ" ಎಂದು ಗದರಿಸಲೂ ಬೇಡಿ.

ನಮ್ಮ ಪಕ್ಕದ ಭಾಷೆಯಲ್ಲೇ 2015ರಲ್ಲಿ ಸು ಸು ಸುಧಿ ವಾತ್ಮೀಕಂ ಎಂಬ ಚಿತ್ರ ಬಂತು. ರಂಜಿತ್ ಶಂಕರ್ ನಿರ್ದೇಶಿಸಿದ್ದು, ಉಗ್ಗುವ ನಾಯಕನಾಗಿ ಜಯಸೂರ್ಯ. ಹೆಸರಿನಲ್ಲೇ ಉಗ್ಗು ಇದೆ, ನೋಡಿದಿರಾ? ಆದರೂ ನಗು ಅವನ ಪಕ್ಕದಲ್ಲಿ ಕುಳಿತು ನಗುವಂಥದ್ದು. ಮಲೆಯಾಳ ಅರ್ಥವಾಗುವ ಮನೆಗಳಲ್ಲಿ ಮಕ್ಕಳೊಂದಿಗೆ ಕುಳಿತು ನೋಡಬಹುದು.

ಉಗ್ಗಿಗೆ ನಿಮ್ಮ ಊರಿನಲ್ಲಿ, ನಿಮ್ಮ ಮನೆಮಾತಿನಲ್ಲಿ ಬೇರೆ ಯಾವ ಹೆಸರಿದೆ? ಬಜೆಯ ಹೊರತು ಯಾವ ಮನೆಮದ್ದು, ಹರಕೆ ನಡೆಯುತ್ತಿತ್ತು? ಒಂದು ಕಾರ್ಡಿನಲ್ಲಿ ಬರೆದು ಈ ಕಾರ್ಯಕ್ರಮಕ್ಕೆ ಕಳಿಸಿ. ಉಗ್ಗುವವರು ಯಾರಾದರೂ ಬಂದು ಇಲ್ಲಿ ಮಾತಾಡುತ್ತೇನೆಂದರೆ ನನಗೆ ಕೊಟ್ಟ ಹದಿನೈದು ನಿಮಿಷದ ಬದಲು ಅವರಿಗೆ ಇಪ್ಪತ್ತೈದು ನಿಮಿಷ ಕೊಡಿ ಎಂದು ನಡೆಸುವವರನ್ನು ಕೇಳಿಕೊಂಡಿದ್ದೇನೆ.